ಪಿಯು ಅಂಕ ಹತ್ತು ಜಾಸ್ತಿಯಾದರೆ ಸೀಟು ಎಷ್ಟು ಹತ್ತಿರ ಬರುತ್ತದೆ?

ದ್ವಿತೀಯ ಪಿಯು ಫಲಿತಾಂಶ ಬಂದ ಸಂಜೆ ಅಕ್ಕನ ಮಗ ಫೋನ್ ಮಾಡಿದ್ದ. ಫಿಸಿಕ್ಸ್ 84, ಕೆಮಿಸ್ಟ್ರಿ 68, ಮ್ಯಾಥ್ಸ್ 88. ಮೂರೂ ಸೇರಿ 300ಕ್ಕೆ 240. ದನಿಯಲ್ಲಿ ಖುಷಿಯೂ ಇರಲಿಲ್ಲ, ಅಳುವೂ ಇರಲಿಲ್ಲ.

"ಮಾಮ, ಎಕ್ಸಾಂ 2 ಬರೀಲಾ? ಅಮ್ಮ ಬರಿ ಅಂತಾಳೆ. ಅಪ್ಪ ಸುಮ್ನೆ ಸಿಇಟಿಗೆ ಓದು ಅಂತಾರೆ. ಫ್ರೆಂಡ್ಸ್ ನೋಡಿದ್ರೆ, ಬೋರ್ಡ್ ಮಾರ್ಕ್ಸ್ ಯಾರೂ ಕೇಳಲ್ಲ ಬಿಡೋ ಅಂತಾರೆ."

ಅಮ್ಮ, ಅಪ್ಪ, ಸ್ನೇಹಿತರು, ಈ ಮೂರೂ ಕಡೆಯವರ ಮಾತು ಒಂದೊಂದು ಕಡೆ ನಿಜ. ಒಂದೇ ಹತ್ತು ಅಂಕಕ್ಕೆ ಒಂದು ಕಾಲೇಜಿನಲ್ಲಿ ಭಾರಿ ಬೆಲೆ, ಪಕ್ಕದ ಕಾಲೇಜಿನಲ್ಲಿ ಕಾಸಿನ ಬೆಲೆಯೂ ಇಲ್ಲ. ಅಂಕ ಎಷ್ಟು ಏರಿತು ಎನ್ನುವುದಕ್ಕಿಂತ, ಆ ಅಂಕವನ್ನು ಯಾರ ಮುಂದೆ ಇಡುತ್ತೀರಿ, ಅವರು ಅದನ್ನು ಹೇಗೆ ಎಣಿಸುತ್ತಾರೆ ಎನ್ನುವುದು ಮುಖ್ಯ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

## ಎಕ್ಸಾಂ 1, ಎಕ್ಸಾಂ 2 ಅಂದರೆ ಏನು?

ಮೊದಲೆಲ್ಲ ಪಿಯುಸಿಗೆ ಒಂದು ವಾರ್ಷಿಕ ಪರೀಕ್ಷೆ, ಫೇಲಾದವರಿಗೆ ಒಂದು ಪೂರಕ ಪರೀಕ್ಷೆ. ಊರಿನವರ ಬಾಯಲ್ಲಿ ಅದು 'ಸಪ್ಲಿಮೆಂಟರಿ'. ಆ ಹೆಸರು ಕೇಳಿದರೇ ಮನೆಯಲ್ಲಿ ತಲೆ ತಗ್ಗಿಸುವ ಕಾಲವಿತ್ತು. 2023-24ನೇ ಸಾಲಿನಲ್ಲಿ ರಾಜ್ಯ ಸರ್ಕಾರ ಅದನ್ನು ಬದಲಿಸಿತು. ವಾರ್ಷಿಕ, ಪೂರಕ ಎಂಬ ಹೆಸರುಗಳು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ.

ಇಲ್ಲಿ ದೊಡ್ಡ ಬದಲಾವಣೆ ಹೆಸರಿನದಲ್ಲ. ಪಾಸಾದವರೂ ಮತ್ತೆ ಬರೆಯಬಹುದು. ಒಂದೇ ವಿಷಯ ಬರೆಯಬಹುದು, ಎಲ್ಲವನ್ನೂ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಯುತ್ತದೆ. ಕಡಿಮೆ ಬಂದರೆ ಹಳೆಯದು ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಅಂಕದ ಲೆಕ್ಕದಲ್ಲಿ ನಷ್ಟವಿಲ್ಲ. ನಷ್ಟ ಆಗುವುದಾದರೆ ಸಮಯದ್ದು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

## ಸಿಇಟಿಯ ಅರ್ಧ ಅರ್ಧ ಲೆಕ್ಕ

ಎಂಜಿನಿಯರಿಂಗ್‌ಗೆ ಸರ್ಕಾರಿ ಕೋಟಾದ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅವರು ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 180.

ರ‍್ಯಾಂಕ್ ಕೊಡುವಾಗ ಸಿಇಟಿ ಅಂಕವನ್ನಷ್ಟೇ ನೋಡುವುದಿಲ್ಲ. ಪಿಯುಸಿಯ ಇದೇ ಮೂರು ವಿಷಯಗಳ ಅಂಕಕ್ಕೆ ಅರ್ಧ ತೂಕ, ಸಿಇಟಿಗೆ ಇನ್ನರ್ಧ. ಎರಡನ್ನೂ ಮೊದಲು ನೂರಕ್ಕೆ ಇಳಿಸಿ, ಪ್ರತಿಯೊಂದರ ಅರ್ಧ ತೆಗೆದು ಕೂಡಿಸುತ್ತಾರೆ.

ಅಕ್ಕನ ಮಗನ ಲೆಕ್ಕವನ್ನೇ ಹಾಕೋಣ. ಪಿಯುನಲ್ಲಿ 300ಕ್ಕೆ 240 ಅಂದರೆ ನೂರಕ್ಕೆ 80. ಅದರ ಅರ್ಧ 40. ಸಿಇಟಿಯಲ್ಲಿ 180ಕ್ಕೆ 90 ಬಂತು ಎಂದುಕೊಳ್ಳಿ. ನೂರಕ್ಕೆ 50, ಅರ್ಧ 25. ಒಟ್ಟು 65.

ಈಗ ಎಕ್ಸಾಂ 2 ಬರೆದು 240 ಇದ್ದದ್ದು 270 ಆಯಿತು ಎನ್ನಿ. ನೂರಕ್ಕೆ 90, ಅರ್ಧ 45. ಒಟ್ಟು 70 ಆಗುತ್ತದೆ. ಎಕ್ಸಾಂ 2 ಬರೆಯದೆ ಇದೇ 70ಕ್ಕೆ ಬರಬೇಕಾದರೆ ಸಿಇಟಿಯಲ್ಲಿ 90ರ ಬದಲು 108 ತೆಗೆಯಬೇಕು. ಅಂದರೆ ಪಿಯುನ 30 ಅಂಕ ಸಿಇಟಿಯ 18 ಪ್ರಶ್ನೆಗಳಿಗೆ ಸಮ.

ಇದನ್ನು ಇನ್ನೂ ಸಣ್ಣದು ಮಾಡಿದರೆ ನೆನಪಿಡಲು ಸುಲಭವಾದ ಒಂದು ಅಳತೆ ಸಿಗುತ್ತದೆ: ಪಿಯುನ 5 ಅಂಕ, ಸಿಇಟಿಯ 3 ಅಂಕ, ಎರಡರ ಬೆಲೆಯೂ ಒಂದೇ. ಬಿಡಿಯಾಗಿ ನೋಡಿದರೆ ಸಿಇಟಿಯ ಒಂದು ಅಂಕವೇ ಭಾರ, ಯಾಕೆಂದರೆ ಅಲ್ಲಿ ಒಟ್ಟು ಅಂಕ ಕಡಿಮೆ. ಹಾಗಾಗಿ ಅಪ್ಪ ಹೇಳಿದ್ದರಲ್ಲಿ ಹುರುಳಿದೆ. ಆದರೆ ಹತ್ತು ದಿನ ಕೂತು ಕೆಮಿಸ್ಟ್ರಿಯಲ್ಲಿ 15 ಅಂಕ ಏರಿಸುವುದು ಸುಲಭವೋ, ಸಿಇಟಿಯಲ್ಲಿ 9 ಪ್ರಶ್ನೆ ಹೆಚ್ಚಿಗೆ ಸರಿ ಮಾಡುವುದು ಸುಲಭವೋ? ಇದಕ್ಕೆ ಎಲ್ಲ ಮಕ್ಕಳಿಗೂ ಒಂದೇ ಉತ್ತರ ಇಲ್ಲ. ವಿವರವಾಗಿ ಬರೆದು ಅಂಕ ಗಳಿಸುವವರು ಕೆಲವರು, ಗುರಿ ಇಟ್ಟು ಸರಿ ಉತ್ತರ ಗುರುತಿಸುವವರು ಕೆಲವರು.

ಇಲ್ಲಿ ಎಷ್ಟೋ ಮನೆಗಳಲ್ಲಿ ಒಂದು ತಪ್ಪು ಲೆಕ್ಕ ನಡೆಯುತ್ತದೆ. ಒಟ್ಟು ಶೇಕಡಾವಾರು ಏರಲಿ ಎಂದು ಕನ್ನಡ, ಇಂಗ್ಲಿಷ್ ಪತ್ರಿಕೆ ಮತ್ತೆ ಬರೆಸುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಭಾಷೆಯ ಅಂಕ ಸೇರುವುದೇ ಇಲ್ಲ. 600ಕ್ಕೆ 560 ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರಬಹುದು, ಕೆಇಎ ನೋಡುವುದು ಆ ಮೂರು ವಿಷಯಗಳ 300 ಮಾತ್ರ. ಬಿ.ಎಸ್‌ಸಿ ಕೃಷಿಯಂಥ ಕೋರ್ಸ್‌ಗಳಿಗೂ ಪಿಯು ಅರ್ಧ, ಸಿಇಟಿ ಅರ್ಧವೇ. ಅಲ್ಲಿ ಮ್ಯಾಥ್ಸ್ ಜಾಗದಲ್ಲಿ ಬಯಾಲಜಿ.

## ಅಂಕ ಏರಿದಷ್ಟೇ ರ‍್ಯಾಂಕ್ ಏರುತ್ತದೆಯೇ?

ಇಲ್ಲ. ಯಾಕೆ ಎನ್ನುವುದಕ್ಕೆ ಶಾಲೆಯ ಪ್ರಾರ್ಥನೆಯ ಸಾಲು ನೆನಪಿಸಿಕೊಳ್ಳಿ. ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು ಅಲ್ವಾ? ತೀರಾ ಕುಳ್ಳಗಿರುವವರು ನಾಲ್ಕು ಜನ, ತೀರಾ ಉದ್ದ ಇರುವವರು ನಾಲ್ಕು ಜನ. ನಡುವೆ ಇರುವವರೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ. ನಡುವಿನ ಹುಡುಗ ಬೇಸಿಗೆ ರಜೆ ಮುಗಿಸಿ ಒಂದು ಇಂಚು ಬೆಳೆದು ಬಂದರೆ ಒಮ್ಮೆಲೇ ಹತ್ತು ಜನರನ್ನು ದಾಟಿ ನಿಲ್ಲುತ್ತಾನೆ. ಉದ್ದನೆಯವನು ಒಂದು ಇಂಚು ಬೆಳೆದರೂ ಅದೇ ಜಾಗ.

ಸಿಇಟಿ ಪಟ್ಟಿಯೂ ಹಾಗೇ. ನಡುವಿನ ಅಂಕಗಳಲ್ಲಿ ಸಾವಿರಾರು ಮಕ್ಕಳು ಒತ್ತಿಕೊಂಡು ನಿಂತಿರುತ್ತಾರೆ. ಅಲ್ಲಿ ಅರ್ಧ ಅಂಕ ಏರಿದರೂ ರ‍್ಯಾಂಕ್ ದೊಡ್ಡ ಜಿಗಿತ ಜಿಗಿಯುತ್ತದೆ. ಮೇಲೆ ಹೋದಂತೆ ಜನ ವಿರಳ. 95ರಿಂದ 96ಕ್ಕೆ ಹೋದವನು ದಾಟುವುದು ಕೆಲವರನ್ನು ಮಾತ್ರ. ಆದರೆ ಮೇಲಿನ ತುದಿಯಲ್ಲಿ ಆ ಕೆಲವರನ್ನು ದಾಟುವುದೇ ದೊಡ್ಡ ವಿಷಯ. ಬೆಂಗಳೂರಿನ ಆರ್.ವಿ. ಕಾಲೇಜಿನಂಥ ಕಡೆ ಕಂಪ್ಯೂಟರ್ ಸೈನ್ಸ್‌ನ ಸಾಮಾನ್ಯ ವರ್ಗದ ಸೀಟುಗಳು ಮೊದಲ ಸಾವಿರ ರ‍್ಯಾಂಕ್‌ನೊಳಗೇ ಮುಗಿದುಹೋಗುತ್ತವೆ. ನಡುವಿನವರಿಗೆ ಐದು ಸಾವಿರ ರ‍್ಯಾಂಕ್ ಮುಂದೆ ಬಂದರೂ ಕೆಲವೊಮ್ಮೆ ಸಿಗುವುದು ಅದೇ ಕಾಲೇಜು, ಬ್ರಾಂಚ್ ಮಾತ್ರ ಬೇರೆ.

ಸಾಲು ಒಂದೇ ಅಲ್ಲ ಎನ್ನುವುದೂ ನೆನಪಿರಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ಬೇರೆ ಬೇರೆ ಸಾಲುಗಳಿವೆ. ಅವುಗಳ ಒಳಗೆ ಮತ್ತೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ 15% ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5%. ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ 70%, ಉಳಿದ ಕಡೆ 8%. ಸಾಲು ಚಿಕ್ಕದಾದಷ್ಟೂ ಐದು ಅಂಕದ ಪರಿಣಾಮ ಬೇರೆ. ಪಕ್ಕದ ಮನೆಯ ಹುಡುಗಿಗೆ ಯಾವ ರ‍್ಯಾಂಕ್‌ಗೆ ಯಾವ ಸೀಟು ಸಿಕ್ಕಿತು ಎಂದು ಕೇಳುವ ಮೊದಲು ಅವಳು ಯಾವ ಸಾಲಿನಲ್ಲಿದ್ದಳು ಎಂದು ಕೇಳಬೇಕು.

## ಎರಡು ವರ್ಷದ ಅಂಕ ಒಂದೇ ತಕ್ಕಡಿಯಲ್ಲಿ: 2022ರ ಜಗಳ

ಅರ್ಧ ಅರ್ಧ ಲೆಕ್ಕದಲ್ಲಿ ಪಿಯು ಅಂಕಕ್ಕೆ ಎಷ್ಟು ಬಲ ಇದೆ ಎನ್ನುವುದು ರಾಜ್ಯಕ್ಕೆಲ್ಲ ಗೊತ್ತಾಗಿದ್ದು ಕೊರೊನಾ ನಂತರ. ಈ ಕತೆ ಸ್ವಲ್ಪ ಉದ್ದ, ಆದರೆ ಕೇಳುವಂಥದ್ದು.

2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಅಂಕಕ್ಕೆ 45%, ಪ್ರಥಮ ಪಿಯು ಅಂಕಕ್ಕೆ 45%, ಕಾಲೇಜಿನ ಆಂತರಿಕ ಅಂಕಕ್ಕೆ 10% ತೂಕ ಕೊಟ್ಟು ಫಲಿತಾಂಶ ಹೊರಡಿಸಿದರು. ಎಲ್ಲರೂ ಪಾಸು. ಪರೀಕ್ಷೆ ಬರೆಯದೆ ಬಂದ ಅಂಕ ಎಂದು ಆ ವರ್ಷ ಸಿಇಟಿ ರ‍್ಯಾಂಕ್‌ಗೆ ಪಿಯು ಅಂಕ ಸೇರಿಸಲಿಲ್ಲ. ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು.

ಮುಂದಿನ ವರ್ಷ ಹಳೆಯ ಅರ್ಧ ಅರ್ಧ ಪದ್ಧತಿ ವಾಪಸ್ ಬಂತು. ಆದರೆ 2021ರಲ್ಲಿ ಪಾಸಾಗಿ, ಒಳ್ಳೆಯ ಸೀಟಿಗಾಗಿ 2022ರಲ್ಲಿ ಮತ್ತೆ ಸಿಇಟಿ ಬರೆದವರು ಸುಮಾರು 24 ಸಾವಿರ ಮಂದಿ ಇದ್ದರು. ಅವರ ಪಿಯು ಅಂಕವನ್ನು ಕೆಇಎ ಪರಿಗಣಿಸಲಿಲ್ಲ, ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟಿತು. ಪಿಯುನಲ್ಲಿ ನೂರಕ್ಕೆ 95 ಇದ್ದು ಸಿಇಟಿಯಲ್ಲಿ 55 ತೆಗೆದವರ ಸ್ಥಿತಿ ಊಹಿಸಿ. ಹೊಸ ಬ್ಯಾಚಿನವರಿಗೆ ಇವೇ ಅಂಕಗಳಿಗೆ 75 ಸಿಕ್ಕರೆ, ಇವರಿಗೆ 55. ರ‍್ಯಾಂಕ್ ಪಾತಾಳಕ್ಕೆ ಹೋಯಿತು.

ವಿದ್ಯಾರ್ಥಿಗಳು ಹೈಕೋರ್ಟ್‌ಗೆ ಹೋದರು. ಪಿಯು ಅಂಕ ಪರಿಗಣಿಸಬೇಕು ಎಂದು 2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಹೇಳಿತು. ಆಗ 2022ರ ಬ್ಯಾಚಿನವರ ಪೋಷಕರಿಗೆ ಗಾಬರಿ. ಪರೀಕ್ಷೆ ಬರೆದು ಅಂಕ ತೆಗೆದ ನಮ್ಮ ಮಕ್ಕಳು, ಬರೆಯದೆ ಅಂಕ ಪಡೆದವರಿಗಿಂತ ಹಿಂದೆ ಬೀಳುತ್ತಾರಲ್ಲ ಎಂದು. ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ ಒಂದು ಸೂತ್ರ ಒಪ್ಪಿಗೆಯಾಯಿತು: 2021ರವರ ಪಿಯು ಅಂಕವನ್ನೂ ಎಣಿಸುವುದು, ಆದರೆ ಪ್ರತಿ ವಿಷಯದಲ್ಲಿ ಸರಾಸರಿ 6 ಅಂಕ ಕಡಿತ ಮಾಡುವುದು.

ನಮ್ಮ ಅಳತೆಯಲ್ಲಿ ಇದನ್ನು ತೂಗಿ ನೋಡಿ. ವಿಷಯಕ್ಕೆ 6ರಂತೆ 300ರಲ್ಲಿ 18 ಅಂಕ ಹೋಯಿತು. ಅಂತಿಮ ಲೆಕ್ಕದಲ್ಲಿ 3 ಅಂಕ. ಸಿಇಟಿಯ ಹತ್ತು ಹನ್ನೊಂದು ಪ್ರಶ್ನೆಗಳಿಗೆ ಸಮ. ಕೋರ್ಟಿನವರೆಗೆ ಹೋಗಿ ಹಿಡಿದಾಡಿದ್ದು ಇಷ್ಟಕ್ಕೆ. ಜನ ಒತ್ತಿಕೊಂಡಿರುವ ಸಾಲಿನಲ್ಲಿ ಅದು ಕಡಿಮೆಯೇನಲ್ಲ.

## ಹೊಸಿಲು ದಾಟಿದರೆ ಸಾಕು ಎನ್ನುವ ಕಡೆ

ಸ್ನೇಹಿತರು ಹೇಳಿದ 'ಬೋರ್ಡ್ ಮಾರ್ಕ್ಸ್ ಯಾರೂ ಕೇಳಲ್ಲ' ಎಂಬ ಮಾತಿಗೆ ಈಗ ಬರೋಣ. ಅದು ಪೂರ್ತಿ ಸುಳ್ಳಲ್ಲ. ಕೆಲವು ಕಡೆ ಪಿಯು ಅಂಕವನ್ನು ತೂಗುವುದಿಲ್ಲ, ಹೊಸಿಲಿನ ಹಾಗೆ ಇಟ್ಟಿರುತ್ತಾರೆ. ದಾಟಿದಿರಾ, ಒಳಗೆ ಬನ್ನಿ. ಎಷ್ಟು ಎತ್ತರಕ್ಕೆ ಹಾರಿ ದಾಟಿದಿರಿ ಎಂದು ಯಾರೂ ಅಳೆಯುವುದಿಲ್ಲ.

ವೈದ್ಯಕೀಯ ಸೀಟಿಗೆ ನೀಟ್ ಪ್ರವೇಶ ಪರೀಕ್ಷೆಯ ಅಂಕವೇ ಎಲ್ಲ. ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗದವರಿಗೆ 50%, ಮೀಸಲಾತಿಯವರಿಗೆ 40% ಇದ್ದರೆ ಸಾಕು. ಬಯಾಲಜಿಯಲ್ಲಿ 92 ಇದ್ದದ್ದನ್ನು 99 ಮಾಡಿಕೊಂಡರೆ ಎಂಬಿಬಿಎಸ್ ಸೀಟು ಒಂದು ಗೇಣೂ ಹತ್ತಿರ ಬರುವುದಿಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌-ಕೆ ಕೂಡ ಹಾಗೇ. 45% ಹೊಸಿಲು, ಆಮೇಲೆ ಅವರ ಪರೀಕ್ಷೆಯ ಅಂಕ ಮಾತ್ರ.

ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿಯಂಥ ಕಡೆ ಹೊಸಿಲು ಎತ್ತರದ್ದು. ಅಲ್ಲಿನ ಪ್ರವೇಶ ಪರೀಕ್ಷೆ ಜೆಇಇ. ಜೆಇಇಯಲ್ಲಿ ರ‍್ಯಾಂಕ್ ಬಂದರೂ ಹನ್ನೆರಡನೇ ತರಗತಿಯಲ್ಲಿ 75% ಇರಬೇಕು, ಪರಿಶಿಷ್ಟರಿಗೆ 65%. ಇಲ್ಲವೇ ತಮ್ಮ ಬೋರ್ಡಿನ ಮಕ್ಕಳಲ್ಲಿ ನೂರಕ್ಕೆ ಮೊದಲ ಇಪ್ಪತ್ತರೊಳಗೆ, ಅಂದರೆ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು. ಇಲ್ಲಿ ಅಂಕ ಏರಿಸುವುದರ ಬೆಲೆ ವಿಚಿತ್ರವಾಗಿದೆ. 73% ಇದ್ದವನು 75%ಗೆ ಬಂದರೆ ಆ ಎರಡು ಶೇಕಡಾ ಚಿನ್ನ. 76% ಇದ್ದವನು 90%ಗೆ ಹೋದರೆ ಅಲ್ಲಿ ಏನೂ ಬದಲಾಗುವುದಿಲ್ಲ. ಇನ್ನೊಂದು ವಿಷಯ, ಜೆಇಇ ಲೆಕ್ಕದಲ್ಲಿ ಭಾಷೆಯ ಅಂಕವೂ ಸೇರುತ್ತದೆ. ಸಿಇಟಿಗೆ ಬೇಡವಾದ ಇಂಗ್ಲಿಷ್ ಪತ್ರಿಕೆ ಇಲ್ಲಿ ಕೈಹಿಡಿಯಬಹುದು.

ನಿಯಮವೇ ಬದಲಾದರೆ ಅದೇ ಅಂಕದ ಬೆಲೆ ಹೇಗೆ ಕುಸಿಯುತ್ತದೆ ಎನ್ನುವುದಕ್ಕೆ ದೆಹಲಿ ವಿಶ್ವವಿದ್ಯಾಲಯ ಸಾಕ್ಷಿ. 2021ರಲ್ಲಿ ಅಲ್ಲಿನ ಕೆಲವು ಕಾಲೇಜುಗಳ ಕೆಲವು ಕೋರ್ಸ್‌ಗಳಿಗೆ ಕಟ್‌ಆಫ್ 100% ಇತ್ತು. ಒಂದು ಅಂಕ ಹೋದರೂ ಸೀಟು ಹೋಯಿತು. 2022ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಯುಇಟಿ ಬಂದ ಮೇಲೆ ಸೀಟು ಕೊಡುವುದು ಆ ಪರೀಕ್ಷೆಯ ಅಂಕದ ಮೇಲೆ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಸಿಯುಇಟಿಯೇ ದಾರಿ.

## ಬಿ.ಕಾಂ., ಬಿ.ಎಸ್‌ಸಿ.ಗೆ ಹೋಗುವವರಿಗೆ

ಇಲ್ಲಿ ಕತೆ ತಿರುವುಮುರುವು. ನಮ್ಮ ಹೆಚ್ಚಿನ ಡಿಗ್ರಿ ಕಾಲೇಜುಗಳಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಪಿಯು ಅಂಕವೇ ಅರ್ಜಿ, ಅದೇ ಶಿಫಾರಸು. ಬೇಡಿಕೆ ಇರುವ ಕಾಲೇಜಾದರೆ 88% ಇದ್ದವರಿಗೆ ಇಲ್ಲ ಎಂದು, 91% ಇದ್ದವರಿಗೆ ಬನ್ನಿ ಎನ್ನುತ್ತಾರೆ. ಎಕ್ಸಾಂ 2ರಿಂದ ನೇರ ಲಾಭ ಜಾಸ್ತಿ ಸಿಗುವುದು ಇವರಿಗೇ. ಆದರೂ ಎಕ್ಸಾಂ 2ರ ಮಾತು ಬಂದಾಗಲೆಲ್ಲ ಸೈನ್ಸ್ ಮಕ್ಕಳ ಬಗ್ಗೆಯೇ ಚರ್ಚೆ. ಕಾಮರ್ಸ್ ಮಕ್ಕಳ ಪೋಷಕರು ಇದನ್ನು ಇನ್ನೊಮ್ಮೆ ಓದಲಿ.

## ಅಮೆರಿಕದಲ್ಲಿ 'ಏರುಮುಖ' ಎನ್ನುವುದಕ್ಕೇ ಬೆಲೆ

ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಸ್‌ನಲ್ಲೋ ಇರುವ ನಮ್ಮವರ ಮನೆಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಒಂದೇ ದೊಡ್ಡ ಬೋರ್ಡ್ ಪರೀಕ್ಷೆ ಇಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಪ್ರತಿ ವಿಷಯದ ಗ್ರೇಡ್ ಸೇರಿಸಿ ಸರಾಸರಿ ತೆಗೆಯುತ್ತಾರೆ. ಅದು ಜಿಪಿಎ, ಸಾಮಾನ್ಯವಾಗಿ 4ಕ್ಕೆ.

ಸರಾಸರಿಗೆ ಒಂದು ಗುಣ ಇದೆ. ಅದು ಎಮ್ಮೆಯ ಹಾಗೆ, ಬೇಗ ಏಳುವುದಿಲ್ಲ. ಆರು ಸೆಮಿಸ್ಟರ್ 3.0 ತೆಗೆದವನು ಏಳನೆಯದರಲ್ಲಿ 4.0 ತೆಗೆದರೂ ಒಟ್ಟು 3.14 ಮಾತ್ರ. ಹಾಗಾದರೆ ಕೊನೆಯಲ್ಲಿ ಸುಧಾರಿಸಿ ಏನು ಲಾಭ?

ಇಬ್ಬರು ಮಕ್ಕಳನ್ನು ಊಹಿಸಿ. ಒಬ್ಬಳ ಮೂರು ವರ್ಷದ ಜಿಪಿಎ 2.8, 3.2, 3.8. ಇನ್ನೊಬ್ಬನದು 3.8, 3.2, 2.8. ಸರಾಸರಿ ಇಬ್ಬರದೂ ಒಂದೇ, ಸುಮಾರು 3.27. ಆದರೆ ಅಂಕಪಟ್ಟಿ ಓದುವವರಿಗೆ ಇಬ್ಬರೂ ಒಂದೇ ಅನ್ನಿಸುವುದಿಲ್ಲ. ಅವಳು ಏರುತ್ತಿದ್ದಾಳೆ, ಅವನು ಇಳಿಯುತ್ತಿದ್ದಾನೆ. ಅರ್ಜಿಯನ್ನು ಕೂತು ಓದುವ ಕಾಲೇಜುಗಳಲ್ಲಿ ಈ ಏರುಮುಖ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ಕಷ್ಟದ ವಿಷಯ ಆರಿಸಿಕೊಂಡು ಏರಿದ್ದರೆ. ನಮ್ಮ ಸಿಇಟಿ ಕಂಪ್ಯೂಟರ್‌ಗೆ ಇಂಥ ಕತೆ ಓದಲು ಬರುವುದಿಲ್ಲ, ಕೂಡುವುದಷ್ಟೇ ಗೊತ್ತು.

ಅಲ್ಲೂ ಎಲ್ಲ ಕಡೆ ಒಂದೇ ನಿಯಮವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಜಿಪಿಎ ಲೆಕ್ಕಕ್ಕೆ ಹತ್ತು ಮತ್ತು ಹನ್ನೊಂದನೇ ತರಗತಿಯ ಗ್ರೇಡ್ ತೆಗೆದುಕೊಳ್ಳುತ್ತಾರೆ. ಒಂಬತ್ತರಲ್ಲಿ ಎಡವಿದವರಿಗೆ ಅದು ನೆಮ್ಮದಿ. ಟೆಕ್ಸಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಶಾಲೆಯ ಮೇಲಿನ 10% ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಮಾತ್ರ ನೂಕುನುಗ್ಗಲು ಜಾಸ್ತಿ, 2026ರ ಪ್ರವೇಶಕ್ಕೆ ಅದು ಮೇಲಿನ 5%ಗೆ ಇಳಿದಿದೆ. ಅಲ್ಲಿ ನಿಮ್ಮ ಅಂಕಕ್ಕಿಂತ ನಿಮ್ಮದೇ ಶಾಲೆಯ ಉಳಿದವರ ಅಂಕ ಮುಖ್ಯವಾಗುತ್ತದೆ.

ಇಲ್ಲಿಂದ ಅಮೆರಿಕಕ್ಕೆ ಅರ್ಜಿ ಹಾಕುವ ಪಿಯು ಮಕ್ಕಳು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಪ್ರಥಮ ಪಿಯು ಅಂಕವನ್ನು ಸಿಇಟಿ, ನೀಟ್, ಜೆಇಇ ಯಾವುದಕ್ಕೂ ಎಣಿಸುವುದಿಲ್ಲ. ಹಾಗಾಗಿ 'ಫಸ್ಟ್ ಪಿಯು ಆರಾಮ' ಎಂಬ ಮಾತು ಹುಟ್ಟಿದೆ. ಅಲ್ಲಿನ ಕಾಲೇಜುಗಳು ಕೇಳುವುದು ನಾಲ್ಕೂ ವರ್ಷದ ಅಂಕಪಟ್ಟಿ. ಇಲ್ಲೇ ಓದುವವರೂ ಪೂರ್ತಿ ಆರಾಮ ಇರುವಂತಿಲ್ಲ, ಸಿಇಟಿಯ ಪ್ರಶ್ನೆಗಳು ಪ್ರಥಮ ಪಿಯು ಪಾಠಗಳಿಂದಲೂ ಬರುತ್ತವೆ.

## ಎಕ್ಸಾಂ 2 ಬರೆಯುವ ಮುನ್ನ ಕ್ಯಾಲೆಂಡರ್ ನೋಡಿ

2025ರ ದಿನಾಂಕಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಕ್ಸಾಂ 1ರ ಫಲಿತಾಂಶ ಏಪ್ರಿಲ್ 8ಕ್ಕೆ. ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ. ಎಕ್ಸಾಂ 2 ಏಪ್ರಿಲ್ 24ರಿಂದ ಮೇ 8ರವರೆಗೆ. ಅದರ ಮಧ್ಯೆ ಮೇ 4ಕ್ಕೆ ನೀಟ್. ಎಕ್ಸಾಂ 2ರ ಫಲಿತಾಂಶ ಮೇ 16ಕ್ಕೆ, ಸಿಇಟಿ ಫಲಿತಾಂಶ ಮೇ 24ಕ್ಕೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಎಕ್ಸಾಂ 2ರ ಅಂಕ ಸಿಇಟಿ ರ‍್ಯಾಂಕ್ ಬರುವ ಮೊದಲೇ ಕೈಗೆ ಸಿಗುತ್ತದೆ, ಹಾಗಾಗಿ ಉಪಯೋಗಕ್ಕೆ ಬರುತ್ತದೆ. ಎರಡನೆಯದು, ನೀಟ್ ಬರೆಯುವವರಿಗೆ ಅದು ಬಿಸಿ ತುಪ್ಪ. ಅವರಿಗೆ ಬೇಕಾಗಿರುವುದು ಹೊಸಿಲು ಮಾತ್ರ, ಅದನ್ನು ದಾಟಿದ್ದಾಗಿದ್ದರೆ ಆ ಹದಿನೈದು ದಿನ ನೀಟ್‌ಗೇ ಇರಲಿ. ಸಿಬಿಎಸ್‌ಇಯಲ್ಲಿ ಓದಿದವರಿಗೆ ಈ ಸೌಕರ್ಯ ಇಲ್ಲ. ಅವರು ಒಂದು ವಿಷಯದ ಅಂಕ ಸುಧಾರಿಸಿಕೊಳ್ಳಲು ಜುಲೈವರೆಗೆ ಕಾಯಬೇಕು.

ಮತ್ತೆ ಬರೆಯುವ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡುವುದು ಒಳ್ಳೆಯದು. ಅಂಕ ಎಲ್ಲಿ ಹೋಗಿದೆ ಎಂದು ಗೊತ್ತಾಗುತ್ತದೆ. ಕೂಡಿಸುವಾಗ ತಪ್ಪಾಗಿದ್ದರೆ ಮರುಎಣಿಕೆ, ತಿದ್ದುವಾಗ ತಪ್ಪಾಗಿದ್ದರೆ ಮರುಮೌಲ್ಯಮಾಪನ ಇದೆ. ನಾವೇ ತಪ್ಪು ಬರೆದಿದ್ದರೆ ಎಕ್ಸಾಂ 2 ಇದೆ. ಯಾವ ವಿಷಯ ಬರೆಯಬೇಕು ಎನ್ನುವುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ಮೂರೂ ವಿಷಯಕ್ಕೆ ತೂಕ ಒಂದೇ ಆದ್ದರಿಂದ, 95 ಇದ್ದ ಮ್ಯಾಥ್ಸ್ ಮತ್ತೆ ಬರೆದು ಗರಿಷ್ಠ 5 ಅಂಕಕ್ಕೆ ಒದ್ದಾಡುವುದಕ್ಕಿಂತ 68 ಇರುವ ಕೆಮಿಸ್ಟ್ರಿಯಲ್ಲಿ 15 ಹುಡುಕುವುದು ಜಾಣತನ.

ಅಕ್ಕನ ಮಗನಿಗೆ ಹೇಳಿದ್ದೂ ಅದನ್ನೇ. ಅವನಿಗೆ ಬೇಕಿರುವುದು ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು. ನೀಟ್ ಇಲ್ಲ, ಜೆಇಇ ಇಲ್ಲ. ಹಾಗಾಗಿ ಫಿಸಿಕ್ಸ್, ಮ್ಯಾಥ್ಸ್ ಬಿಟ್ಟು ಕೆಮಿಸ್ಟ್ರಿಗೆ ಮಾತ್ರ ಅರ್ಜಿ ಹಾಕಿದ್ದಾನೆ. ಸಿಇಟಿ ಮುಗಿಯುವ ತನಕ ಆ ಪುಸ್ತಕ ಎಕ್ಸಾಂ 2ರ ಲೆಕ್ಕಕ್ಕೆ ಮುಟ್ಟುವುದಿಲ್ಲ, ಮುಗಿದ ಮರುದಿನದಿಂದ ಬೇರೇನೂ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಒಪ್ಪಂದವಾಗಿದೆ. ಒಪ್ಪಂದದ ಗ್ಯಾರಂಟಿಗೆ ಅವನ ಮೊಬೈಲ್ ಅಕ್ಕನ ಬೀರುವಿನಲ್ಲಿದೆಯಂತೆ.